ನೂರನೆಯ ಪಿಂಗಾಣಿ ಗಿಡ

ಹೆಂಚಿನ ಕಾರ್ಖಾನೆಯ ಕೊನೆಯ ಬಿಳಿ ದೊರೆ ಹಡಗು ಹತ್ತುವ ಹಿಂದಿನ ದಿನ ಆವಿಗೆ ಅಜ್ಜನ ಎರಡೂ ಕೈ ಹಿಡಿದುಕೊಂಡು, "ಬೆಂಕಿ ಅಂದರೆ ಏನು ಅಂತ ನಾನು ಕಲಿತದ್ದು ನಿನ್ನಿಂದ" ಎಂದು ಕಣ್ಣೀರು ಹಾಕಿದ್ದು ನಿರ್ವಿವಾದ ಸಂಗತಿ. ಆಗ ಅಜ್ಜನಿಗೆ ಹನ್ನೆರಡು ವರ್ಷ. ಸ್ಥಳದಲ್ಲಿದ್ದವರು ಮೂವರು: ದೊರೆ, ದೊರೆಯ ಕುದುರೆ ಮತ್ತು ಅಜ್ಜ. ಮೊದಲಿನ ಇಬ್ಬರೂ ಕಾಲವಾಗಿರುವುದರಿಂದ ಸಾಕ್ಷಿಗಳ ನಡುವೆ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅಜ್ಜ ಸುಮ್ಮನೆ ಕೂರಲಿಲ್ಲ. ಮನೆಯ ಹಿತ್ತಿಲಲ್ಲಿ ಹಳೇ ಇಟ್ಟಿಗೆ ಜೋಡಿಸಿ, ಮಣ್ಣು ಸುಡುವ ಸ್ವಂತ ಆವಿಗೆ ಕಟ್ಟಿದ. ಬೆಂಕಿಯ ಬಣ್ಣ ನೋಡಿದರೆ ಒಳಗಿನ ಶಾಖ ಹೇಳಿಬಿಡುವ ಮನುಷ್ಯ. ಆದರೆ ಸುಡುವುದಕ್ಕೆ ಏನೂ ಇರಲಿಲ್ಲ. ಬಹಳ ವರ್ಷ ಆ ಆವಿಗೆಯಲ್ಲಿ ಕೋಳಿಗಳು ಸಂಸಾರ ಮಾಡಿದವು. ಕೊನೆಗೆ ಮೊಮ್ಮಗಳು ಪಿಂಗಾಣಿ ಕಲೆ ಕಲಿತು ಮನೆಗೆ ಬಂದಳು, ಕೋಳಿಗಳನ್ನು ಮರ್ಯಾದೆಯಿಂದ ಹೊರಗೆ ಕಳಿಸಿದಳು, ಅಜ್ಜನ ಕೆಲಸ ಮತ್ತೆ ಶುರುವಾಯಿತು.

ಮೊಮ್ಮಗಳು ಮೂರು ವರ್ಷ ಕೂತು ಮಾಡಿದ್ದು ಚಹಾ ಗಿಡಗಳು. ಒಂದೊಂದೂ ಸೊಂಟದೆತ್ತರ. ಒಂದೊಂದು ಎಲೆಯನ್ನೂ ಕೈಯಲ್ಲೇ ಒತ್ತಿ, ನರ ಕೆತ್ತಿ, ಹಸಿರು ಮೆರುಗು ಹಚ್ಚಿ ಮಾಡಿದ್ದು. ಊರ ಮೇಲಿನ ಗುಡ್ಡದಲ್ಲಿ ಹಿಂದೆ ದೊಡ್ಡ ಚಹಾ ಎಸ್ಟೇಟು ಇತ್ತು. ದೊರೆಗಳ ಕಾಲದಲ್ಲಿ ಅಲ್ಲಿ ಚಿಗುರು ಕಿತ್ತವರಿಗೆ ಹೆಸರು ಇರಲಿಲ್ಲ, ನಂಬರು ಇತ್ತು. ಬೆಳಗಾದರೆ ಬಂಗಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ನಂಬರು ಕೂಗುತ್ತಿದ್ದರು. ಮೊಮ್ಮಗಳು ಊರಿನ ಮುದುಕ ಮುದುಕಿಯರ ಮನೆ ಮನೆ ಸುತ್ತಿ, ಆ ನಂಬರುಗಳ ಹಿಂದೆ ಯಾರಿದ್ದರು ಅಂತ ಕೇಳಿದಳು. ಪೂರ್ತಿ ಹೆಸರು ಯಾರಿಗೂ ನೆನಪಿರಲಿಲ್ಲ, ಕರೆಯುತ್ತಿದ್ದ ಹೆಸರು ನೆನಪಿತ್ತು: ಎಡಗೈಯವಳು, ನಿದ್ದೆಗಣ್ಣ, ಉದ್ದಜಡೆ, ಸೀನಿನ ಮಾವ, ಗೊಣಗಜ್ಜಿ. ಹೀಗೆ ತೊಂಬತ್ತೊಂಬತ್ತು ಹೆಸರು ಸಿಕ್ಕವು. ಗಿಡಕ್ಕೆ ಒಂದರಂತೆ, ತುತ್ತತುದಿಯ ಎಳೇ ಎಲೆಯ ಹಿಂದೆ ಒಂದೊಂದು ಹೆಸರು ಬರೆದಳು. ಚಿಗುರು ಕೀಳುವವರ ಬೆರಳು ಹೋಗುತ್ತಿದ್ದದ್ದು ಆ ಎಲೆಗೇ.

ಅದರಲ್ಲಿ ಒಂದು ಗಿಡ ಅಜ್ಜನ ಅಮ್ಮನದು. ಎಸ್ಟೇಟಿನ ಪ್ರಕಾರ ಐವತ್ತೇಳು. ಊರಿನ ಪ್ರಕಾರ ಚುರುಕಿ.

"ನಮ್ಮಮ್ಮ ಚಿಗುರು ಕಿತ್ತರೆ ಗಿಡಕ್ಕೇ ಗೊತ್ತಾಗ್ತಿರಲಿಲ್ಲ ಕಣೇ," ಎಂದು ಅಜ್ಜ ಮೊಮ್ಮಗಳಿಗೆ ಹೇಳುತ್ತಿದ್ದ. "ಬುಟ್ಟಿ ತುಂಬಿ ಅವಳು ಹೊರಟುಹೋದ ಮೇಲೆ ಗಿಡ ತಲೆ ತಡವಿಕೊಂಡು ನೋಡ್ತಿತ್ತು."

"ಗಿಡಕ್ಕೆ ಕೈ ಎಲ್ಲಿಂದ ಬಂತು ಅಜ್ಜ?"

"ಆಗ ಇತ್ತು. ಈಗಿನ ಗಿಡಗಳ ವಿಷಯ ನಂಗೊತ್ತಿಲ್ಲ."

ಅಜ್ಜನಿಗೆ ಇದ್ದದ್ದು ಒಂದೇ ಆಸೆ. ಐವತ್ತೇಳು, ಐವತ್ತೇಳು ಅಂತ ಅಮ್ಮನನ್ನು ಇಪ್ಪತ್ತು ವರ್ಷ ಕೂಗಿದ ಅದೇ ಅಂಗಳದಲ್ಲಿ, ಒಂದು ಸಲ, ಯಾರಾದರೂ ದೊಡ್ಡ ದನಿಯಲ್ಲಿ ಚುರುಕಿ ಅನ್ನಬೇಕು. ದೊರೆಗಳ ಬಂಗಲೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಗಿಡಗಳ ಪ್ರದರ್ಶನ, ಮೊದಲ ದಿನ ಎಲ್ಲ ಹೆಸರುಗಳನ್ನೂ ಓದುವುದು ಎಂದು ನಿಗದಿಯಾಗಿತ್ತು. ಅಜ್ಜ ಅಂಗಿ ಒಗೆಸಿಟ್ಟುಕೊಂಡಿದ್ದ.

ಗಿಡಗಳನ್ನು ಹೊತ್ತ ಲಾರಿ ಬಂಗಲೆಯ ಮುಂಬಾಗಿಲ ಕಮಾನಿಗಿಂತ ಎತ್ತರವಿತ್ತು. ಹಾಗಾಗಿ ಹಿಂದಿನ ತೋಟದ ಬಾಗಿಲಿಗೆ ಹೋಯಿತು. ಮೊಮ್ಮಗಳು ಮುಂದೆ ಕಚೇರಿಗೆ ಹೋಗಿದ್ದಳು. ಲಾರಿಯಲ್ಲಿ ಇದ್ದವನು ಅಜ್ಜ. ಕಾವಲುಗಾರ ಪುಸ್ತಕ ತೆಗೆದು, "ಏನು ಮಾಲು?" ಎಂದ.

"ಕಣ್ಣು ಕಾಣಲ್ವಾ? ಗಿಡ."

"ಪ್ಲಾಸ್ಟಿಕ್ಕಾ?"

ಅಜ್ಜನಿಗೆ ಮೈಯೆಲ್ಲ ಉರಿದುಹೋಯಿತು. "ಪ್ಲಾಸ್ಟಿಕ್ಕಂತೆ! ಜೀವಂತ ಗಿಡ ಕಣಯ್ಯ ಇವು. ಸರಿಯಾಗಿ ನೋಡು, ಉಸಿರಾಡ್ತಿವೆ. ನಿನ್ನೆ ಒಂದು ಜೇನುನೊಣ ಬಂದು ಕೂತು, ಸಂಜೆ ತನಕ ಎದ್ದು ಹೋಗಲಿಲ್ಲ."

ಕಾವಲುಗಾರ ಬರೆದುಕೊಂಡ: ಜೀವಂತ ಗಿಡ, ತೊಂಬತ್ತೊಂಬತ್ತು.

ಅರ್ಧ ಗಂಟೆಯೊಳಗೆ ತೋಟಾಧಿಕಾರಿಗಳು ಸ್ಥಳಕ್ಕೆ ಆಗಮಿಸಿದರು. ಇವರು ಇಪ್ಪತ್ತು ವರ್ಷದ ಸೇವೆಯಲ್ಲಿ ಬಂಗಲೆಯ ತೋಟದಲ್ಲಿ ನೆಟ್ಟ ಒಂದು ಗಿಡವೂ ಉಳಿದಿರಲಿಲ್ಲವಾದ್ದರಿಂದ, ಗಿಡಗಳ ಬಗ್ಗೆ ಬಹಳ ಎಚ್ಚರಿಕೆಯ ಮನುಷ್ಯರು. ತಪಾಸಣೆಯ ನಮೂನೆ ಹಾಳೆ ತೆಗೆದು ಒಂದು ಗಿಡದ ಸುತ್ತ ಎರಡು ಸುತ್ತು ಬಂದರು.

"ಬೇರು ಇದೆಯಾ?"

"ಇದೆ ಸಾರ್, ಬೇರೂ ಮಾಡಿದ್ದೀನಿ. ಆದರೆ ಇದು ಪಿಂಗಾಣಿ," ಎಂದಳು ಓಡಿಬಂದ ಮೊಮ್ಮಗಳು.

"ಕಾಂಡ ಇದೆ. ಎಲೆ ಇದೆ. ಹಸಿರು ಇದೆ."

"ಜೀವ ಇಲ್ಲ ಸಾರ್!"

ತೋಟಾಧಿಕಾರಿಗಳು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬೇರಿಗೆ ಕಾಲಂ ಇದೆಯಮ್ಮ. ಕಾಂಡಕ್ಕಿದೆ, ಎಲೆಗಿದೆ. ಜೀವಕ್ಕೆ ಕಾಲಂ ಇಲ್ಲ. ಇಲ್ಲದ ಕಾಲಂ ನಾನು ಹೇಗೆ ತುಂಬಲಿ? ಅದೂ ಅಲ್ಲದೆ ಬಾಗಿಲಲ್ಲಿ ಜೀವಂತ ಅಂತ ಬರೆಸಿದ್ದೀರಿ."

ಮೊಮ್ಮಗಳು ಅಜ್ಜನ ಮುಖ ನೋಡಿದಳು. ಅಜ್ಜ ಲಾರಿಯ ಚಕ್ರ ನೋಡಿದ.

ಗಿಡಗಳನ್ನು ಅಂಗಳದಲ್ಲಿ ಸಾಲಾಗಿ ಇಡಲಾಯಿತು; ಪ್ರದರ್ಶನ, ಹೆಸರು ಓದುವುದು ಎರಡನ್ನೂ ಮುಂದಕ್ಕೆ ಹಾಕಲಾಯಿತು. ಮರುದಿನ ಅಲ್ಲಿ ಒಂದು ಫಲಕ ಎದ್ದಿತು: "ಈ ಗಿಡಗಳಿಗೆ ದಿನಕ್ಕೆ ಎರಡು ಬಾರಿ ನೀರು ಹಾಕತಕ್ಕದ್ದು. ಗಿಡಗಳು ಲಿಖಿತವಾಗಿ ಬೇಡವೆಂದು ತಿಳಿಸಿದ ಹೊರತು ನಿಲ್ಲಿಸತಕ್ಕದ್ದಲ್ಲ."

ನೀರು ಹಾಕಲಾಯಿತು. ಗಿಡಗಳು ಅತ್ಯುತ್ತಮವಾಗಿ ಸ್ಪಂದಿಸಿದವು. ಮೊದಲ ಹದಿನೈದು ದಿನದ ವರದಿಯಲ್ಲಿ, "ಒಂದು ಎಲೆಯೂ ಉದುರಿಲ್ಲ, ಒಂದು ಎಲೆಯೂ ಹಳದಿಯಾಗಿಲ್ಲ, ಕೀಟಬಾಧೆ ಸೊನ್ನೆ" ಎಂದು ನಮೂದಾಯಿತು. ಬಂಗಲೆಯ ಚರಿತ್ರೆಯಲ್ಲೇ ಇಂಥ ವರದಿ ಹೋಗಿರಲಿಲ್ಲ. ಮೇಲಿನ ಕಚೇರಿಯಿಂದ ಸಸ್ಯರೋಗ ತಜ್ಞರೊಬ್ಬರು ಬಂದು, ಭೂತಗನ್ನಡಿ ಹಿಡಿದು ಎರಡು ದಿನ ಹುಡುಕಿ, ರೋಗ ಸಿಗದೆ, ಆ ವಿಷಯವಾಗಿ ಮೂರು ಗಂಟೆ ಉಪನ್ಯಾಸ ನೀಡಿದರು. ತೋಟಾಧಿಕಾರಿಗಳ ಭಾವಮೈದ ಆರು ಲಾರಿ ಗೊಬ್ಬರ ಪೂರೈಸಿದರು. ಗೊಬ್ಬರ ಹಾಕಿದ ಮೇಲೂ ಗಿಡಗಳು ಮೊದಲಿನಷ್ಟೇ ಎತ್ತರ ಇದ್ದುದರಿಂದ, ಗೊಬ್ಬರದ ಗುಣಮಟ್ಟ ಸ್ಥಿರವಾಗಿದೆ ಎಂದು ಪ್ರಮಾಣಪತ್ರ ಕೊಡಲಾಯಿತು. ತೋಟಾಧಿಕಾರಿಗಳಿಗೆ ಪದಕ ಬಂತು.

ಇಷ್ಟರ ತನಕ ಅಜ್ಜನಿಗೆ ಒಳಗೊಳಗೇ ಖುಷಿಯೇ. ದಿನವೂ ಬಂದು ಅಮ್ಮನ ಗಿಡವನ್ನು ಟವೆಲಿನಿಂದ ಒರೆಸಿ, ನೋಡಲು ಬಂದವರಿಗೆ, "ನಾನೇ ಸುಟ್ಟಿದ್ದು, ನೋಡಿ ಹೇಗೆ ಬೆಳೀತಿದೆ" ಎನ್ನುತ್ತಿದ್ದ.

ಪದಕದ ಹಿಂದೆಯೇ ಆದೇಶ ಬಂತು. ಆರೋಗ್ಯವಂತ ಚಹಾ ಗಿಡಗಳನ್ನು ಮೂರು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಸವರತಕ್ಕದ್ದು. ಈ ಗಿಡಗಳಿಗೆ ಮೂರು ವರ್ಷ ತುಂಬಿದೆಯೆಂದು ಕಲಾವಿದೆಯ ಅರ್ಜಿಯಲ್ಲೇ ಇದೆ. ಬರುವ ಶುಕ್ರವಾರ ಬೆಳಿಗ್ಗೆ ಸವರುವುದು. ಕತ್ತರಿಗೆ ಜಗ್ಗದ ಕೊಂಬೆಗಳಿಗೆ ಸುತ್ತಿಗೆ ಬಳಸಬಹುದು. ಚೆನ್ನಾಗಿ ಸವರಿದವರಿಗೆ ಇನ್ನೊಂದು ಪದಕ ಉಂಟು.

ಸವರಿದರೆ ಮೊದಲು ಹೋಗುವುದು ತುದಿ. ಹೆಸರುಗಳಿದ್ದದ್ದು ತುದಿಯಲ್ಲಿ.

ಅಜ್ಜ, ಮೊಮ್ಮಗಳು ನಿರ್ದೇಶಕರ ಕೋಣೆಗೆ ಓಡಿದರು. ನಿರ್ದೇಶಕರು ಸಹೃದಯರು. ಗೋಡೆಯ ಮೇಲೆ ಒಂದು ಚಿತ್ರವನ್ನೂ ತೂಗುಹಾಕಿದ್ದರು, ಮುಖ ಗೋಡೆಯ ಕಡೆಗಿತ್ತು.

"ನನಗೂ ಕಲೆ ಅಂದ್ರೆ ಪ್ರಾಣ ಕಣಮ್ಮ. ಗಿಡ ಅಲ್ಲ, ಕಲಾಕೃತಿ ಅಂತ ಈಗಲೇ ಬರೆದುಕೊಡ್ತೀನಿ. ಆದರೆ ಒಂದು ತೊಡಕಿದೆ. ಕಲಾಕೃತಿ ಮುಂಬಾಗಿಲಿಂದ ಬರಬೇಕು. ತೋಟದ ಬಾಗಿಲಿಂದ ಒಳಗೆ ಬಂದು ಗಿಡ ಅಲ್ಲ ಅಂತ ಸಾಬೀತಾದ ವಸ್ತುವನ್ನ ನಿಯಮದಲ್ಲಿ ಕಸ ಅಂತಾರೆ. ಕಸ ಅದೇ ದಿನ ಗುಂಡಿಗೆ ಹೋಗಬೇಕು. ಸವರೋದು ಬೇಕೋ, ಗುಂಡಿ ಬೇಕೋ, ನೀವೇ ಯೋಚನೆ ಮಾಡಿ. ಕಲಾವಿದರ ಸ್ವಾತಂತ್ರ್ಯಕ್ಕೆ ನಾನು ಅಡ್ಡ ಬರಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೊಮ್ಮಗಳು ಕಣ್ಣೊರೆಸಿಕೊಂಡಳು. "ಮೂರು ವರ್ಷ ಅಜ್ಜ! ಒಂದು ಮಾತಾಡದೆ ಇರೋಕಾಗಲ್ವಾ ನಿನಗೆ? ಜೀವಂತ ಅಂತ ಯಾಕಾದ್ರೂ ಬರೆಸಿದೆ?"

"ಅಷ್ಟು ಚೆನ್ನಾಗಿತ್ತು ಕಣೇ ನೀನು ಮಾಡಿದ್ದು," ಎಂದ ಅಜ್ಜ. ಅವತ್ತು ಅವನು ಆಡಿದ ಮಾತುಗಳಲ್ಲಿ ಬಣ್ಣ ಹಚ್ಚದೆ ಆಡಿದ್ದು ಅದೊಂದೇ.

ಬಂಗಲೆಯ ಮೆಟ್ಟಿಲ ಕೆಳಗೆ ಒಂದು ಕತ್ತಲೆ ಕೋಣೆ. ಅಲ್ಲಿ ಹಳೇ ಕಡತಗಳ ನಡುವೆ ಕೂರುವ ಗುಮಾಸ್ತೆಯನ್ನು ಎಲ್ಲರೂ ಕಡತದಕ್ಕ ಎನ್ನುತ್ತಿದ್ದರು. ನಗು ಕಡಿಮೆ, ಕಣ್ಣು ಬಲು ಚುರುಕು. ಅಜ್ಜ ಹೋಗಿ ಮುಂದೆ ಕೂತು, ದೊರೆ, ದೊರೆಯ ಕಣ್ಣೀರು, ಕುದುರೆ ಎಲ್ಲವನ್ನೂ ವಿವರಿಸಿದ.

"ಕುದುರೆ ಏನಂತು?" ಎಂದಳು ಕಡತದಕ್ಕ, ತಲೆ ಎತ್ತದೆ.

"ಅದೂ ಅತ್ತಿತು."

"ಸರಿ. ಏನಾಗಬೇಕು ಹೇಳಿ."

ಅಜ್ಜ ವಿಷಯ ಹೇಳಿದ. ಕಡತದಕ್ಕ ಎದ್ದು, ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿ, ಧೂಳು ಅಜ್ಜನ ಕಡೆಗೆ ಊದಿದಳು. ಎಸ್ಟೇಟಿನ ನಿಯಮಾವಳಿ. ದೊರೆಗಳು ಹೋದರೂ ಇದನ್ನು ರದ್ದು ಮಾಡಿರಲಿಲ್ಲ. ರದ್ದು ಮಾಡಬೇಕಾದರೆ ಯಾರಾದರೂ ಒಮ್ಮೆ ಓದಬೇಕಿತ್ತು.

"ಕೇಳಿ ಅಜ್ಜ. ನಿಯಮ ಒಂಬತ್ತು. ನೂರಕ್ಕಿಂತ ಕಡಿಮೆ ಗಿಡ ಇದ್ದರೆ ಅದು ತೋಟ, ಅಧಿಕಾರ ತೋಟಾಧಿಕಾರಿಯದು. ನೂರು ತುಂಬಿದರೆ ಎಸ್ಟೇಟು. ಎಸ್ಟೇಟಿನ ಗಿಡಕ್ಕೆ ದೊರೆ ಸಹಿ ಇಲ್ಲದೆ ಕತ್ತರಿ ತಾಗಿಸೋ ಹಾಗಿಲ್ಲ. ಗಿಡಕ್ಕೊಬ್ಬ ಆಳಿನ ಹೆಸರು ಇರಬೇಕು."

"ದೊರೆ ಎಲ್ಲಿದ್ದಾನೆ?"

"ಹುದ್ದೆ ಖಾಲಿ."

ಅಜ್ಜ ಎದ್ದ. ಎಂಬತ್ತನಾಲ್ಕು ವರ್ಷದ ಮುದುಕ ಗುಡ್ಡದಿಂದ ಮನೆಗೆ ಏಳು ನಿಮಿಷದಲ್ಲಿ ಇಳಿದ. ಈ ಲೆಕ್ಕ ಅಜ್ಜನದೇ.

"ಇನ್ನೊಂದು ಗಿಡ ಮಾಡು," ಎಂದ ಮೊಮ್ಮಗಳಿಗೆ.

"ಇವತ್ತು ಮಂಗಳವಾರ. ಹಸಿ ಮಣ್ಣು ಒಣಗೋಕೇ ಹತ್ತು ದಿನ ಬೇಕು. ಒದ್ದೆ ಸುಟ್ಟರೆ ಪಟಾಕಿ ಥರ ಒಡೆಯುತ್ತೆ, ನಿನಗೇ ಗೊತ್ತು."

"ಹಾಗಾದ್ರೆ ಆ ಸೀಳಿದ್ದು ಎಲ್ಲಿ?"

ಮೊದಲ ವರ್ಷ ಸುಡುವಾಗ ಬುಡದಿಂದ ಕೊಂಬೆಯ ತನಕ ಸೀಳಿಹೋದ ಒಂದು ಗಿಡವನ್ನು ಮೊಮ್ಮಗಳು ಕೋಳಿಗೂಡಿನ ಪಕ್ಕ ಎಸೆದಿದ್ದಳು. ಹೋಗಿ ನೋಡಿದರೆ ಅದರ ಕೊಂಬೆಗಳ ನಡುವೆ ಒಂದು ಹೇಂಟೆ ಕಾವಿಗೆ ಕೂತಿತ್ತು. ಹೇಂಟೆಯನ್ನು ಮೊಟ್ಟೆ ಸಮೇತ ಬುಟ್ಟಿಗೆ ವರ್ಗಾಯಿಸಿ, ಗಿಡ ತೊಳೆದು ತಂದರು. ತುದಿಯ ಎಲೆ ಸದ್ಯ ನೆಟ್ಟಗಿತ್ತು. ಅದರ ಹಿಂದೆ ಬಣ್ಣದಲ್ಲಿ ಹೆಸರು ಬರೆದು ಮತ್ತೊಮ್ಮೆ ಸುಟ್ಟರೆ ಸಾಕು.

"ಏನು ಹೆಸರು ಬರೀಲಿ? ಸಿಕ್ಕಿದ್ದೇ ತೊಂಬತ್ತೊಂಬತ್ತು."

ಅಜ್ಜ ಆವಿಗೆಗೆ ಸೌದೆ ಜೋಡಿಸುತ್ತಾ, ಬೆನ್ನು ತಿರುಗಿಸಿಯೇ ಹೇಳಿದ. "ಒಬ್ಬನನ್ನ ಮರೆತೇಬಿಟ್ಟಿದ್ದೆ ನೋಡು. ಸಿಳ್ಳೆ ಅಂತ. ಒಂದು ಸಿಳ್ಳೆ ಹೊಡೆದರೆ ಗುಡ್ಡದ ಮಂಜು ಪಕ್ಕಕ್ಕೆ ಸರೀತಿತ್ತು. ಬರಿ."

ಮೊಮ್ಮಗಳಿಗೆ ಅನುಮಾನ ಬಂತು. ಆದರೆ ಅನುಮಾನ ಆರುವುದಕ್ಕೂ ಹತ್ತು ದಿನ ಬೇಕು; ಇದ್ದದ್ದು ಮೂರು. ಬರೆದಳು. ಬುಧವಾರ ಇಡೀ ಹಗಲು ಅಜ್ಜ ಬೆಂಕಿಯ ಮುಂದೆ ಕೂತ. ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗುವ ಹೊತ್ತಿಗೆ ಬಾಯಿ ಮುಚ್ಚಿದ; ಆವಿಗೆಯ ಬಾಯಿ, ತನ್ನದಲ್ಲ. ಗುರುವಾರ ಪೂರ್ತಿ ಆರಲು ಬಿಟ್ಟರು. ಶುಕ್ರವಾರ ಬೆಳಿಗ್ಗೆ ತೆಗೆದಾಗ ಸೀಳು ಹಾಗೇ ಇತ್ತು, ಹೆಸರು ಕೂತಿತ್ತು. ಕೈಗಾಡಿಯಲ್ಲಿ ಹುಲ್ಲು ಹಾಸಿ ಇಬ್ಬರೂ ತಳ್ಳಿಕೊಂಡು ಹೋದರು. ಈ ಸಲ ತೋಟದ ಬಾಗಿಲಲ್ಲಿ ಮೊಮ್ಮಗಳೇ ಮುಂದೆ ನಿಂತು, "ಗಿಡ. ಒಂದು. ಬರಕೊಳ್ಳಿ," ಎಂದಳು.

ಅಂಗಳದಲ್ಲಿ ತೋಟಾಧಿಕಾರಿಗಳು ಎಂಟು ಮಂದಿ ಮಾಲಿಗಳನ್ನು ಕತ್ತರಿ, ಸುತ್ತಿಗೆ ಸಮೇತ ನಿಲ್ಲಿಸಿಕೊಂಡಿದ್ದರು. ಮೊದಲ ಸಾಲಿನ ಮೊದಲ ಗಿಡಕ್ಕೆ ಕತ್ತರಿ ಇಟ್ಟೂ ಆಗಿತ್ತು.

"ನಿಲ್ಲಿಸಿ," ಎಂದಳು ಕಡತದಕ್ಕ, ದಪ್ಪ ಪುಸ್ತಕ ಹೊತ್ತು ಮೆಟ್ಟಿಲಿಳಿಯುತ್ತಾ. "ಎಣಿಸಿ."

ತೋಟಾಧಿಕಾರಿಗಳು ಎಣಿಸಿದರು. ನೂರು. ತಿರುಗಾ ಕೊನೆಯಿಂದ ಎಣಿಸಿದರು. ಆಗಲೂ ನೂರು. ನಿಯಮ ಒಂಬತ್ತನ್ನು ಓದಿದರು. ಪದಕ ಕೈಜಾರುವುದು ಅವರ ಮುಖದಲ್ಲಿ ಕಂಡಿತು.

"ಇದು ಸೀಳಿದೆಯಲ್ರೀ. ಇದೊಂದನ್ನ ಒಡೆದುಬಿಟ್ಟರೆ ತೊಂಬತ್ತೊಂಬತ್ತು," ಎಂದು ಸುತ್ತಿಗೆಗೆ ಕೈಚಾಚಿದರು.

"ನಿಯಮ ಹನ್ನೊಂದು," ಎಂದಳು ಕಡತದಕ್ಕ. "ಎಸ್ಟೇಟಿನ ಗಿಡದ ಒಂದು ಕೊಂಬೆ ಮುರಿದವರಿಗೂ ಇದೇ ಅಂಗಳದಲ್ಲಿ ಹನ್ನೆರಡು ಚಾಟಿ ಏಟು. ಹೆಂಗಸರಿಗೆ ಎಂಟು. ಅಧಿಕಾರಿಗಳಿಗೆ ರಿಯಾಯಿತಿ ಕಾಣಿಸ್ತಿಲ್ಲ."

ಮಾಲಿಗಳು ಕತ್ತರಿ ಕೆಳಗಿಳಿಸಿದರು. ಆ ಎಂಟು ಏಟು ಯಾರ ಬೆನ್ನ ಮೇಲೆ ಬಿದ್ದಿತ್ತು ಅನ್ನುವುದು ಅಜ್ಜನಿಗೆ ಗೊತ್ತಿತ್ತು. ಅದರ ಬಗ್ಗೆ ಅವನು ಯಾವತ್ತೂ ಕಥೆ ಕಟ್ಟಿರಲಿಲ್ಲ.

ತೋಟಾಧಿಕಾರಿಗಳು ಸುತ್ತಿಗೆ ಕೆಳಗಿಟ್ಟು, ಗಿಡದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಂಗಿ ಸರಿಮಾಡಿಕೊಂಡರು. "ಹಾಗಾದರೆ ಇದು ಎಸ್ಟೇಟು. ಎಸ್ಟೇಟು ಅಂದ ಮೇಲೆ ಆಳುಗಳ ಪಟ್ಟಿ ಬೇಕು, ಗುರುತು ಸಮೇತ. ಹೇಳಿ, ಈ ಹೊಸಬ ಯಾರು? ಏನು ಗುರುತು?"

"ಸಿಳ್ಳೆ," ಎಂದ ಅಜ್ಜ. "ಗುರುತು... ಎಡಹುಬ್ಬಿನ ಮೇಲೆ ಸುಟ್ಟ ಕಲೆ." ಹಾಗೆನ್ನುತ್ತಾ ತಲೆಗೆ ಸುತ್ತಿದ್ದ ಟವೆಲನ್ನು ಹುಬ್ಬಿನ ತನಕ ಎಳೆದುಕೊಂಡ. ಬಿಸಿಲಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ದೊರೆಯ ಹುದ್ದೆಗೆ ಅರ್ಜಿ ಕರೆಯಲಾಯಿತು. ನಿಯಮದಂತೆ ಅರ್ಹತೆಗಳು: ಹಡಗಿನಲ್ಲಿ ಬಂದಿರಬೇಕು, ಸ್ವಂತ ಕುದುರೆ ಇರಬೇಕು, ಊರಿನ ಮಾತು ಬರಬಾರದು. ಮೂರೂ ಇರುವವರು ಸಿಗದ ಕಾರಣ, ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಿಂದ ಹಳೇ ದೊರೆಯ ಬಿಳಿ ಟೋಪಿ ತೆಗೆದು, ಅಂಗಳದ ಕುರ್ಚಿಯ ಮೇಲಿಟ್ಟು, ಅದಕ್ಕೆ ತಾತ್ಕಾಲಿಕ ಪ್ರಭಾರ ವಹಿಸಲಾಯಿತು. ಟೋಪಿಯ ಮುಂದೆ ಇಟ್ಟ ಯಾವ ಕಡತವೂ ತಿರಸ್ಕೃತವಾಗಲಿಲ್ಲ. ಇಷ್ಟು ಸರಳ ಮೇಲಧಿಕಾರಿಯನ್ನು ತಾವು ಕಂಡಿಲ್ಲ ಎಂದು ನಿರ್ದೇಶಕರು ಸಭೆಯಲ್ಲಿ ಗದ್ಗದಿತರಾದರು. ತೋಟಾಧಿಕಾರಿಗಳು ದಿನವೂ ಟೋಪಿಗೆ ಸಲಾಮು ಹೊಡೆದು ರಜೆ ಕೇಳುತ್ತಿದ್ದರು. ಟೋಪಿ ಬೇಡ ಅನ್ನುತ್ತಿರಲಿಲ್ಲ. ದೂರದಿಂದ ಬಂದ ಕಲಾವಿಮರ್ಶಕರೊಬ್ಬರು ಗಿಡಗಳನ್ನು ದಾಟಿ ಹೋಗಿ, ಟೋಪಿಯ ಬಗ್ಗೆ ದೀರ್ಘವಾಗಿ ಬರೆದರು.

ಮುಖ್ಯವಾದದ್ದು ಹಾಜರಿ. ಎಸ್ಟೇಟಿನಲ್ಲಿ ಬೆಳಗಿನ ಹಾಜರಿ ಕಡ್ಡಾಯ. ಮೂರು ದಿನ ಓಗೊಡದ ಆಳಿನ ಗಿಡ ಗುಂಡಿಗೆ. ನಂಬರು ಕೂಗೋಣವೆಂದರೆ, ನಂಬರು ಕೊಡುವ ಅಧಿಕಾರ ದೊರೆಗೆ ಮಾತ್ರ, ಟೋಪಿ ಬರೆಯಲಾರದು. ಆದ್ದರಿಂದ ಹೊಸ ನಂಬರು ಬರುವ ತನಕ ಗಿಡದ ಮೇಲೆ ಬರೆದದ್ದನ್ನೇ ಕೂಗತಕ್ಕದ್ದು ಎಂದು ಕಡತದಕ್ಕ ಟಿಪ್ಪಣಿ ಹಾಕಿದಳು. ಟೋಪಿ ಒಪ್ಪಿತು.

ಮೊದಲ ಬೆಳಿಗ್ಗೆ ಊರಿನ ಮುದುಕ ಮುದುಕಿಯರು, ಮಕ್ಕಳು, ಸೊಸೆಯಂದಿರು ಗಿಡಗಳ ಹಿಂದೆ ಸಾಲಾಗಿ ನಿಂತರು. ಕಡತದಕ್ಕ ಪುಸ್ತಕ ಬಿಚ್ಚಿ ಕೂಗಿದಳು.

"ಎಡಗೈಯವಳು!"

"ಇದ್ದಾಳೆ!" ಎಂದ ಅವಳ ಮಗ, ಎಪ್ಪತ್ತರ ಕ್ಷೌರಿಕ.

"ಗೊಣಗಜ್ಜಿ!"

"ಇದ್ದಾಳೆ, ಎಲ್ಲಿ ಹೋಗ್ತಾಳೆ!" ಎಂದು ಅವಳ ಸೊಸೆ ಗೊಣಗಿದಳು.

"ಚುರುಕಿ!"

ಆ ದನಿ ಬಂಗಲೆಯ ಗೋಡೆಗೆ ಬಡಿದು ತಿರುಗಿ ಬಂತು. ಅಜ್ಜ ಏನೇನೋ ಹೇಳಬೇಕೆಂದು ತಯಾರಾಗಿ ಬಂದಿದ್ದ. ಆಡಿದ್ದು ಒಂದೇ ಮಾತು, ಅದೂ ಎರಡನೇ ಸಲ ಕೂಗಿದ ಮೇಲೆ. "ಇದ್ದಾಳೆ."

ಈಗ ಇದು ದಿನದ ಪದ್ಧತಿ. ಹಾಲು ತರುವವರು ಹಾಜರಿ ಮುಗಿಸಿಕೊಂಡೇ ಮನೆಗೆ ಹೋಗುತ್ತಾರೆ. ಕಿತ್ತ ಚಿಗುರಿನ ತೂಕ ದಿನವೂ ಸೊನ್ನೆ ಬರುತ್ತದೆ. ಇಳುವರಿಯಲ್ಲಿ ಏರಿಳಿತವಿಲ್ಲ ಎಂದು ಮೇಲಿನ ಕಚೇರಿ ಪ್ರಶಂಸೆ ಕಳಿಸಿದೆ.

ಮೂರನೇ ವಾರದ ಒಂದು ಬೆಳಿಗ್ಗೆ ಸೆಕೆ ಜಾಸ್ತಿ ಇತ್ತು. ಹಾಜರಿ ತೊಂಬತ್ತೊಂಬತ್ತು ದಾಟಿತು. ಅಜ್ಜ ಸೀಳಿದ ಗಿಡದ ಹಿಂದೆ ಬಂದು ನಿಂತು, ಬೆವರು ತಡೆಯದೆ ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಕಡತದಕ್ಕ ಕೂಗಲು ಬಾಯಿ ತೆರೆದವಳು ಹಾಗೇ ನಿಂತಳು.

"ಅಜ್ಜ, ಒಂಚೂರು ಈ ಕಡೆ ತಿರುಗಿ."

ಅಜ್ಜ ಆ ಕಡೆ ತಿರುಗಿದ.

"ಆ ಕಡೆ ಅಲ್ಲ." ಪುಸ್ತಕ ನೋಡಿದಳು, ಅಜ್ಜನ ಎಡಹುಬ್ಬಿನ ಮೇಲಿನ ಸುಟ್ಟ ಕಲೆ ನೋಡಿದಳು. "ಈ ಸಿಳ್ಳೆ ತೀರಿಹೋಗಿದ್ದು ಯಾವಾಗ ಅಂದ್ರಿ?"

"ತೀರಿಹೋದ ಅಂತ ನಾನೆಲ್ಲಿ ಅಂದೆ?"

"ನೀವು ಹೆಂಚಿನ ಕಾರ್ಖಾನೆಯವರು ಅಜ್ಜ. ಎಸ್ಟೇಟಲ್ಲಿ ಯಾವಾಗ ದುಡಿದಿರಿ?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಮೊಮ್ಮಗಳು ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಅಮ್ಮ ಬೆನ್ನಿಗೆ ಕಟ್ಟಿಕೊಂಡು ಬರ್ತಿದ್ಲು ನನ್ನ," ಎಂದ ಅಜ್ಜ. "ಪೂರಾ ಎರಡು ವರ್ಷದ ಸರ್ವೀಸು. ಒಂದು ದಿನ ರಜೆ ಇಲ್ಲ."

"ಮತ್ತೆ ಸಿಳ್ಳೆ ಹೊಡೆದು ಮಂಜು ಸರಿಸಿದ್ದು?"

ಅಜ್ಜ ಭುಜ ಕುಣಿಸಿದ. "ಹಲ್ಲು ಬಂದಿರಲಿಲ್ಲ ಆಗ. ಹಲ್ಲಿಲ್ಲದಾಗಲೇ ಸಿಳ್ಳೆ ಚೆನ್ನಾಗಿ ಬರೋದು. ಕೂಗಮ್ಮ, ಹೊತ್ತಾಯ್ತು."

ಕಡತದಕ್ಕ ಕುರ್ಚಿಯ ಮೇಲಿನ ಟೋಪಿಯ ಕಡೆ ನೋಡಿದಳು. ಆಕ್ಷೇಪಣೆ ಏನೂ ಬರಲಿಲ್ಲ. ಕೂಗಿದಳು.